ಕಲ್ಯಕ್ಕೆ ಹೋದ ಕ್ರೇನು

1932 ಏಪ್ರಿಲ್ 12, ಮಂಗಳವಾರ. ಸಂಜೆ 6

ಪಾರ್ಸೆಲ್ ಬಂತು. ಆರು ವಾರ ಕಾಯಿಸಿ ಕಡೆಗೂ ಬಂತು. ಬಿಚ್ಚಿದರೆ ತಪ್ಪು ಚಕ್ರ! ಐವತ್ತೇಳು ಹಲ್ಲಿನದು ಬೇಕು ಅಂತ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು ಬರೆದಿದ್ದೆ. ಐವತ್ತರದ್ದು ಕಳಿಸಿದ್ದಾರೆ. ಬೆಂಗಳೂರು ದಂಡಿನ ಅಂಗಡಿಯವರಿಗೆ ಎಣಿಸಲು ಬಾರದೋ, ಇಲ್ಲ ಚನ್ನಪಟ್ಟಣದ ಓವರ್‌ಸಿಯರ್ ನರಸಯ್ಯನಿಗೆ ಎಣಿಸಲು ಬಾರದು ಅಂದುಕೊಂಡರೋ.

ಹಾಕಿ ನೋಡಿದೆ. ಹಲ್ಲು ಹಲ್ಲಿಗೆ ಸಿಗುವುದಿಲ್ಲ. ಕೀ ಕೊಟ್ಟರೆ ಮೋಟಾರ್ ಗರ್ರ್ ಅಂತ ತಿರುಗುತ್ತದೆ, ಕ್ರೇನು ಮಾತ್ರ ಒಂಟಿಕಾಲಿನ ಕೊಕ್ಕರೆಯ ಹಾಗೆ ನಿಂತೇ ಇದೆ. ಎರಡೂವರೆ ಅಡಿ ಎತ್ತರ. ಕನ್ನಂಬಾಡಿಯಲ್ಲಿ ಕೆಲಸ ಮಾಡುವಾಗ ದಿನಾ ಕಲ್ಲೆತ್ತುವುದನ್ನು ನೋಡುತ್ತಿದ್ದೆನಲ್ಲ, ಅದೇ ಕ್ರೇನು. ತೂತಿನ ಪಟ್ಟಿಗೆ ತಿರುಪು ಬಿಗಿದು ಜೋಡಿಸುವ ಮೆಕ್ಯಾನೋ ಆಟದ ಡಬ್ಬದ ಜೊತೆ ಬರುವ ಪುಸ್ತಕದಲ್ಲಿ ಈ ಮಾದರಿ ಇಲ್ಲ. ನಕ್ಷೆ ನನ್ನದೇ. ಒಂಬತ್ತು ವರ್ಷದಿಂದ ಒಂದೊಂದೇ ಕೂಡಿಸಿದ ಪಟ್ಟಿ, ಚಕ್ರ, ತಿರುಪು — ಹಳೆಯವು ನಿಕ್ಕಲ್ ಬಿಳಿ, ಈಚಿನವು ಕೆಂಪು, ಹಸಿರು — ಎಲ್ಲವೂ ಇದರ ಮೈಯಲ್ಲಿದೆ.

ಅವ್ವ ಬಾಗಿಲಲ್ಲಿ ನಿಂತು ಏನೋ ಕೇಳಿದಳು. ತಿಪ್ಪಸಂದ್ರ, ಕೆಂಪಯ್ಯ, ಅಂತ ಏನೋ. ಬಾಯಲ್ಲಿ ನಟ್ಟು ಕಚ್ಚಿಕೊಂಡಿದ್ದೆ. ಹೂಂ ಅಂದೆ. ಹೋದಳು. ಸದ್ಯ.

ನಾಳೆ ಬೊಂಬೆ ಮಾಡುವ ಶುಕೂರ್ ಭಾಯಿಯನ್ನು ಕೇಳಬೇಕು. ಅಂಗಡಿಯವನಿಗೆ ಖಾರವಾಗಿ ಒಂದು ಕಾಗದ.

ಏಪ್ರಿಲ್ 14, ಗುರುವಾರ

ಎತ್ತಿತು!

ಶುಕೂರ್ ಭಾಯ್ ಒಂದೇ ದಿನದಲ್ಲಿ ಮಾಡಿಕೊಟ್ಟ. ಬೊಂಬೆ ಕಡೆಯುವ ಹಾಲೆಮರದಲ್ಲೇ ಐವತ್ತೇಳು ಹಲ್ಲು, ಅರದಲ್ಲಿ ಉಜ್ಜಿ ಉಜ್ಜಿ ತೆಗೆದಿದ್ದಾನೆ. ಮೇಲೆ ಕೆಂಪು ಅರಗು ಬೇರೆ. "ಮರ ಅಂತ ಮೋಟಾರ್‌ಗೆ ಗೊತ್ತಾಗಲ್ಲ ಸಾಬ್," ಅಂದ. ನಿಜ, ಗೊತ್ತಾಗಲಿಲ್ಲ. ಕೊಕ್ಕೆಗೆ ನೀರು ತುಂಬಿದ ಹಿತ್ತಾಳೆ ಚೊಂಬು ಸಿಕ್ಕಿಸಿ ಕೀ ಕೊಟ್ಟೆ. ಒಂದು ಹನಿ ಚೆಲ್ಲದೆ ಮೇಲೆ ಹೋಯಿತು. ತೋಳು ತಿರುಗಿತು. ಆ ಕಡೆ ಇಳಿಸಿತು. ಕೂಗಿ ಹೆಂಡತಿ ಸರಸಮ್ಮನನ್ನು ಕರೆದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ನೋಡು!"

"ನೋಡ್ದೆ."

"ಹೆಂಗೈತೆ?"

"ಚೊಂಬು ಕೊಡಿ. ಅನ್ನಕ್ಕೆ ಎಸರಿಡಬೇಕು."

ಕೊಕ್ಕೆಯಿಂದ ಬಿಚ್ಚಿಕೊಂಡು ಹೋದಳು. ಅಷ್ಟೇ. ಒಂದು ನಗು ಖರ್ಚಾಗುತ್ತಿತ್ತೇ?

ಹಾಳಾಗಲಿ, ಆಫೀಸಿನಲ್ಲಾದರೂ ಯಾರಾದರೂ ಕೇಳಿಯಾರು ಅಂತ ಅಸಿಸ್ಟೆಂಟ್ ಎಂಜಿನಿಯರ್‌ಗೆ ಹೇಳಿದೆ. ತಪ್ಪು ಮಾಡಿದೆ. "ಟಾಯ್ಸಾ? ನಿಮಗೆ ಮಕ್ಕಳೆಷ್ಟು ನರಸಯ್ಯ?" ಇಲ್ಲ ಸಾರ್, ಅಂದೆ. "ಮತ್ತೆ ಯಾರಿಗೆ?" ಗುಮಾಸ್ತೆಗಳೆಲ್ಲ ತಲೆ ತಗ್ಗಿಸಿ ನಕ್ಕರು.

ಯಾರಿಗೆ, ಯಾರಿಗೆ, ಯಾರಿಗೆ. ಒಂಬತ್ತು ವರ್ಷದಿಂದ ಇದೇ ಪ್ರಶ್ನೆ. ನನಗೆ! ಇಸ್ಪೀಟು ಆಡುವವನನ್ನು ಯಾರಿಗೆ ಆಡುತ್ತೀಯ ಅಂತ ಯಾರೂ ಕೇಳುವುದಿಲ್ಲ. ಸಂಜೆ ಆದರೆ ಹೆಂಡದಂಗಡಿಗೆ ಹೋಗುವವನನ್ನೂ ಕೇಳುವುದಿಲ್ಲ. ಮೂವತ್ತೊಂಬತ್ತು ವರ್ಷದ ಗಂಡಸು ತನ್ನ ಮನೆಯ ಪಡಸಾಲೆಯಲ್ಲಿ ಕೂತು ತಿರುಪು ಬಿಗಿದರೆ ಮಾತ್ರ ಊರಿಗೆಲ್ಲಾ ಉತ್ತರ ಕೊಡಬೇಕು.

ಏಪ್ರಿಲ್ 16, ಶನಿವಾರ. ಬೆಳಿಗ್ಗೆ

ಕಾನಕಾನಹಳ್ಳಿ ಕಡೆಗೆ ಕ್ಯಾಂಪು. ಕೆರೆ ತೂಬು ರಿಪೇರಿ, ಹತ್ತು ಹನ್ನೆರಡು ದಿನ. ಕ್ರೇನಿನ ಮೇಲೆ ಹಳೆ ಪಂಚೆ ಹೊದಿಸಿದೆ. ಯಾರೂ ಮುಟ್ಟಕೂಡದು, ಗುಡಿಸುವ ನೆಪದಲ್ಲೂ ಮೇಜು ಸರಿಸಕೂಡದು ಅಂತ ಅವ್ವನಿಗೂ ಇವಳಿಗೂ ಎರಡೆರಡು ಸಲ ಹೇಳಿದ್ದೇನೆ.

"ನೀನು ಕ್ಷೇಮವಾಗಿ ಹೋಗ್ಬಾ ಮಗ. ಬರೋ ಹೊತ್ಗೆ ಎಲ್ಲಾ ಸರಿ ಮಾಡಿರ್ತೀನಿ," ಅಂದಳು ಅವ್ವ. ಈಚೆಗೆ ಯಾಕೋ ಬಹಳ ಉತ್ಸಾಹ ಅವಳಿಗೆ. ಸರಸಮ್ಮ ಬುತ್ತಿ ಕಟ್ಟಿಕೊಟ್ಟಳು.

ಏಪ್ರಿಲ್ 21, ಗುರುವಾರ. ಕ್ಯಾಂಪ್

ಬಿಸಿಲು. ಕಂಟ್ರಾಕ್ಟರ್ ಗಾರೆಗೆ ಸುಣ್ಣ ಕಮ್ಮಿ ಹಾಕಿಸಿದ್ದ. ಕಿತ್ತು ಮತ್ತೆ ಕಟ್ಟು ಅಂದೆ. ಬೈದುಕೊಂಡು ಕಿತ್ತ.

ಮಧ್ಯಾಹ್ನ ಬಾಮೈದ ಅಂಕಯ್ಯ ಹಾರೋಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದ. "ಭಾವ, ನಿಮ್ತಾವ ಒಂದ್ಮಾತು ಆಡ್ಬೇಕಿತ್ತು."

ಆಡು, ಅಂದೆ. ಕ್ರೇನಿನ ತೋಳನ್ನು ಇನ್ನೂ ಆರು ಇಂಚು ಉದ್ದ ಮಾಡಿದರೆ ಹಿಂದೆ ಎಷ್ಟು ಭಾರ ಇಡಬೇಕು ಅಂತ ಹಾಳೆಯ ಮೇಲೆ ಲೆಕ್ಕ ಹಾಕುತ್ತಿದ್ದೆ. ನಡುವೆ ಬಿಟ್ಟರೆ ಮತ್ತೆ ಮೊದಲಿಂದ. ಅಂಕಯ್ಯ ಬಗ್ಗಿ ನೋಡಿದ. "ಇದೇನು, ತೂಬಿನ ನಕ್ಸೆಯಾ?" ಅಲ್ಲ, ಕ್ರೇನಿನದು, ಅಂದೆ. ಒಂದು ಬೀಡಿ ಮುಗಿಯುವ ತನಕ ಕೂತಿದ್ದ. ಆಮೇಲೆ "ಬತ್ತೀನಿ ಭಾವ," ಅಂತ ಎದ್ದ. ಮಾತು ಆಡಲೇ ಇಲ್ಲ. ಹನ್ನೆರಡು ಮೈಲಿ ಬಂದು ಬೀಡಿ ಸೇದಿ ಹೋಗುವ ಜನ!

ಏಪ್ರಿಲ್ 28, ಗುರುವಾರ. ಸಂಜೆ

ಸಿಟ್ಟಿಗೆ ಪೆನ್ನಿನ ಮುಳ್ಳು ಮುರಿಯಿತು. ಆದರೂ ಬರೆಯುತ್ತೇನೆ.

ಮೂರು ಗಂಟೆಗೆ ಮನೆಗೆ ಬಂದೆ. ಪಡಸಾಲೆ ಖಾಲಿ. ಮೇಜೇ ಇಲ್ಲ. ಹಿತ್ತಲಿಗೆ ಓಡಿದೆ. ಬಿಸಿಲಲ್ಲಿ ಮೇಜು, ಮೇಜಿನ ಮೇಲೆ ನನ್ನ ಪಂಚೆ, ಪಂಚೆಯ ಮೇಲೆ ಸಂಡಿಗೆ. ಪಕ್ಕದಲ್ಲಿ ಕಾಗೆ ಓಡಿಸುತ್ತಾ ಅವ್ವ.

"ಕ್ರೇನು ಎಲ್ಲವ್ವಾ?"

"ಬಂದ್ಯಾ ಮಗ? ಕೈಕಾಲು ತೊಳ್ಕೊ."

"ಕ್ರೇನು ಎಲ್ಲಿ?"

"ಅದಾ? ಕಲ್ಯಕ್ಕೆ ಹೋಯ್ತು. ಕೆಂಚಮ್ಮನ ಮಕ್ಳು ಆಡ್ಕೊತವೆ ಬುಡು. ಮಕ್ಳಿಲ್ಲದ ಮನೇಲಿ ಆಟದ ಸಾಮಾನು ಇಟ್ಕೊಂಡು ಕುಂತ್ರೆ ಮಕ್ಳು ಆಗೋದುಂಟಾ? ಒಳ್ಳೇದೇ ಆಯ್ತು."

ಒಳ್ಳೆಯದೇ ಆಯಿತು!

ಏನೇನು ಕೂಗಿದೆನೋ ಗೊತ್ತಿಲ್ಲ. ಮೇಜು ಎತ್ತಿ ಉರುಳಿಸಿದೆ, ಸಂಡಿಗೆಯೆಲ್ಲ ಮಣ್ಣುಪಾಲು. ನೆರೆಯವರು ಗೋಡೆಯ ಮೇಲೆ ತಲೆ ಹಾಕಿದರು. ಅವ್ವ ಬಾಯಿ ಬಡಿದುಕೊಂಡಳು: "ತಗಡಿಗೋಸ್ಕರ ಹೆತ್ತೋಳ ಮೇಲೆ ಕೈ ಎತ್ತೋಕೆ ಬತ್ತೀಯಾ?" ಕೈ ಎತ್ತಲಿಲ್ಲ. ಮೇಜು ಎತ್ತಿದೆ. ಸರಸಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ನೀನು ಇದ್ದೆಯಲ್ಲ, ತಡೆಯೋಕೆ ಏನಾಗಿತ್ತು ನಿನಗೆ, ಅಂತ ಅವಳ ಮೇಲೂ ಕೂಗಿದೆ. ಒಳಗೆ ಹೋದಳು.

ಕಲ್ಯದ ಕೆಂಚಮ್ಮ ನನ್ನ ತಂಗಿಯೇ ಇರಬಹುದು. ಕ್ರೇನು ನನ್ನದು.

ಏಪ್ರಿಲ್ 29, ಶುಕ್ರವಾರ

ಮನೆಯಲ್ಲಿ ಉಣ್ಣುವುದಿಲ್ಲ ಅಂತ ಹೇಳಿದ್ದೇನೆ. ಸ್ಟೇಷನ್ ಹತ್ತಿರದ ಹೋಟ್ಲಿನಲ್ಲಿ ಊಟ. ಸಾರು ನೀರು ನೀರು. ಅದರ ಮೇಲೂ ಕೋಪ ಬಂತು.

ಶುಕೂರ್ ಭಾಯ್ ಕಡಚಲು ಯಂತ್ರದ ಮುಂದೆ ಕೂತು, ಅದರಲ್ಲಿ ತಿರುಗುವ ಬೊಂಬೆಗೆ ಅರಗು ಹಚ್ಚುತ್ತಿದ್ದ. ಎಲ್ಲಾ ಹೇಳಿದೆ. ನನ್ನಷ್ಟೇ ಸಿಟ್ಟು ಬರಬೇಕಿತ್ತು ಅವನಿಗೆ, ಚಕ್ರ ಅವನು ಮಾಡಿದ್ದು. ಬರಲಿಲ್ಲ. ಬೊಂಬೆ ಪಕ್ಕಕ್ಕಿಟ್ಟು, "ಮನೇಲಿ ಅಮ್ಮೋರು ಏನಂದ್ರು ಸಾಬ್?" ಅಂದ.

ಅವಳೇನು ಹೇಳ್ತಾಳೆ? ಅವಳು ಯಾವತ್ತು ಏನು ಹೇಳಿದ್ದಾಳೆ?

"ಕೇಳಿ ನೋಡಿದ್ರಾ?"

ಎದ್ದು ಬಂದೆ. ಭಾನುವಾರ ಕಲ್ಯಕ್ಕೆ. ಒಂದು ತಿರುಪು ಬಿಡದೆ ತರುತ್ತೇನೆ.

ಮೇ 1, ಭಾನುವಾರ. ಕಲ್ಯ

ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿದೆ. ಕ್ಲೋಸ್‌ಪೇಟೆ ದಾಟಿ ಮಾಗಡಿ ರಸ್ತೆ, ಬರೀ ಏರು. ಎರಡು ಕಡೆ ತಳ್ಳಿಕೊಂಡೇ ನಡೆದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡಿದ್ದೆ. ಹನ್ನೊಂದಕ್ಕೆ ಅಂಗಳಕ್ಕೆ ಕಾಲಿಟ್ಟವನೇ ಎಲ್ಲಾ ಮರೆತೆ.

ಎತ್ತಿನ ಕೊರಳಲ್ಲಿ ನನ್ನ ಹಿತ್ತಾಳೆ ಚಕ್ರ! ಗಂಟೆ ಪಕ್ಕ ಪೋಣಿಸಿದ್ದಾರೆ. ತೂತಿನ ತಗಡು ಕೋಳಿಗೂಡಿಗೆ ಬಾಗಿಲು. ಜಗಲಿಯ ಮೇಲೆ ಮಕ್ಕಳು ನಟ್ಟು ಗುಡ್ಡೆ ಹಾಕಿಕೊಂಡು ಗೋಲಿ ಆಡುತ್ತಿವೆ. ಹನ್ನೆರಡೂವರೆ ಇಂಚಿನ ಕೆಂಪು ಪಟ್ಟಿ, ನಾಲ್ಕೂ, ನೇಗಿಲಿಗೆ ಮೊಳೆ ಹೊಡೆದು ಬಿಗಿದಿದ್ದಾನೆ ನನ್ನ ತಂಗಿಯ ಗಂಡ ಬೋರಲಿಂಗಯ್ಯ. ಹೊಡೆಯುವಾಗ ಪಟ್ಟಿ ಸೊಟ್ಟಗಾಗಿದೆ. ಅವನು ನನ್ನನ್ನು ನೋಡಿ ಖುಷಿಯಿಂದ ಎದ್ದು ಬಂದ.

"ಬನ್ನಿ ಭಾವ! ಏನ್ ಗಟ್ಟಿ ಕಬ್ಣ ಅಂತೀರಿ. ಮುರುದ್ಬಿದ್ದಿದ್ ನೇಗ್ಲು ನಿಂತ್ಕಂಬುಡ್ತು. ಇನ್ನೊಸಿ ಇದ್ರೆ ಕಳುಸ್ಕೊಡಿ."

"ಅದು ಕಬ್ಣ ಅಲ್ಲ ಕಣಯ್ಯ!"

"ಮತ್ತೇನ್ ಭಾವ?"

ನೇಗಿಲಿಗೆ ಕೈ ಹಾಕಿದೆ. ಬರಲಿಲ್ಲ. ಎತ್ತಿನ ಹತ್ತಿರ ಹೋಗಿ ಚಕ್ರ ಕೀಳಲು ನೋಡಿದೆ. ಅದು ತಲೆ ಒದರಿತು. ಸಗಣಿಯ ಮೇಲೆ ಬಿದ್ದೆ, ಬಿಳಿ ಪ್ಯಾಂಟು, ಕೋಟು ಸಮೇತ. ಮಕ್ಕಳು ಕೇಕೆ ಹಾಕಿ ನಕ್ಕವು. ಬೋರಲಿಂಗಯ್ಯ ನಗಲಿಲ್ಲ. "ಅಯ್ಯೋ, ಮಕ್ಳ ಆಟದ ಸಾಮಾನ್ಗೆ ಇಷ್ಟೊಂದು ಕುಣೀತೀರಲ್ಲ ಭಾವ. ಬೇಕಿದ್ರೆ ತಗಂಡೋಗಿ," ಅಂತ ಕೈ ಕೊಟ್ಟು ಎಬ್ಬಿಸಿದ. ಆ ಮರ್ಯಾದೆ ಇನ್ನೂ ಉರಿಸಿತು.

ಮೋಟಾರ್ ಎಲ್ಲೂ ಕಾಣಲಿಲ್ಲ.

ಅದೇ ದಿನ, ಸಂಜೆ 5

ಕೆಂಚಮ್ಮ ಬಿಸಿನೀರು ಕೊಟ್ಟಳು, ಗಂಡನ ಪಂಚೆ ಕೊಟ್ಟಳು. ನನ್ನ ಪ್ಯಾಂಟು ಒಗೆಯುತ್ತಾ ಮಾತಿಗಿಳಿದಳು. ನಾನು ಅವ್ವನನ್ನು ಬೈಯುತ್ತಿದ್ದೆ. ಸೋಪು ಹಾಕುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಅಣ್ಣ, ಅವ್ವ ಕೊಟ್ಟಿದ್ದಲ್ಲ ಅದ. ಅತ್ತಿಗೆ ಕೊಟ್ಟಿದ್ದು."

"ಯಾವ ಅತ್ತಿಗೆ?"

"ನಂಗೆಷ್ಟು ಜನ ಅತ್ತಿಗೆದೀರು? ಬಾಡಿಗೆ ಗಾಡೀಲಿ ಒಬ್ರೇ ಬಂದ್ರು. ಒಂದು ತೊಟ್ಟು ನೀರೂ ಕುಡೀಲಿಲ್ಲ. ಅಲ್ಲೇ ಅಂಗಳದಾಗೆ ಕುಂತು, ಅಷ್ಟೂ ತಿರುಪು ಒಂದೊಂದೇ ಬಿಚ್ಚಿ, ಮಕ್ಳ ಕೈಗೆ ಹಂಚುದ್ರು. ಅಣ್ಣ ಬೈಯಲ್ವಾ ಅತ್ತಿಗೆ ಅಂದೆ. 'ಆ ಮನೇಲಿ ಇನ್ಮೇಲೆ ಮಕ್ಳು ಹುಟ್ತವೆ ಕೆಂಚಮ್ಮ. ಅವಕ್ಕೆ ನಿಮ್ಮಣ್ಣ ಹೊಸದು ತತ್ತಾರೆ' ಅಂದ್ರು."

"ಯಾರಿಗೆ ಹುಟ್ತವೆ?"

ಕೆಂಚಮ್ಮ ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ನಾನು ಸುಳ್ಳು ಹೇಳಿದಾಗ ನೋಡುತ್ತಿದ್ದ ಹಾಗೆ.

"ಆಟ ಆಡ್ಬೇಡ ಅಣ್ಣ. ತಿಪ್ಪಸಂದ್ರದ ಕೆಂಪಯ್ಯನ ಮಗ್ಳು. ಎರಡ್ನೇ ಮದ್ವೆಗೆ ನೀನು ಹೂಂ ಅಂದೆ ಅಂತ ಅವ್ವ ಊರೂರ್ಗೆ ಹೇಳ್ಕೊಂಡು ಬಂದೈತೆ. ಹದ್ನಾರ್ನೇ ತಾರೀಖು ಸೋಮವಾರ ವೀಳ್ಯ."

ಹೂಂ ಅಂದೆನಂತೆ.

ಅಂದೆ.

ಮೇ 2, ಸೋಮವಾರ. ಸಂಜೆ

ಚಕ್ರ, ಪಟ್ಟಿ ಯಾವುದನ್ನೂ ತರಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಂದೆ. ಕೆಂಚಮ್ಮನ ಮೇಲೆ ಸಿಟ್ಟು, ಅವ್ವನ ಮೇಲೆ ಸಿಟ್ಟು, ಅಂಕಯ್ಯನ ಮೇಲೆ — ಕ್ಯಾಂಪಿಗೆ ಬಂದವನು ಬಾಯಿ ಬಿಟ್ಟು ಹೇಳಬಾರದಿತ್ತೇ? ಒಬ್ಬರಾದ ಮೇಲೊಬ್ಬರಂತೆ ಎಲ್ಲರ ಹೆಸರೂ ಬಂತು. ನನ್ನ ಹೆಸರು ಬರುವ ಹೊತ್ತಿಗೆ ಚನ್ನಪಟ್ಟಣ ಬಂದಿತ್ತು.

ಅವ್ವನನ್ನು ಕೇಳಿದೆ. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

"ಕೇಳ್ದೆ, ಹೂಂ ಅಂದೆ."

"ಬಾಯಲ್ಲಿ ನಟ್ಟು ಇತ್ತವ್ವ!"

"ನಟ್ಟು ಇದ್ರೆ ಉಗುದು ಮಾತಾಡ್ಬೇಕಿತ್ತು. ನಾನೇನು ದಾರೀಲಿ ಹೋಗೋಳಾ? ಹೆತ್ತೋಳು, ನಿನ್ನ ಬಾಳಿನ ಮಾತು ಕೇಳ್ತಾ ನಿಂತಿದ್ದೆ. ಒಸಿ ತಲೆ ಎತ್ತಿ ನೋಡುದ್ಯಾ?"

ಒಳಗೆ ಹೋದೆ. ಸರಸಮ್ಮ ಅಕ್ಕಿ ಆರಿಸುತ್ತಿದ್ದಳು. ಇಲ್ಲಿ ಸುಳ್ಳು ಬರೆಯುವುದಿಲ್ಲ. ಓದುವವರು ಯಾರೂ ಇಲ್ಲ. ಮೂವತ್ತು ಮೈಲಿ ಸೈಕಲ್ ತುಳಿದು, ಎಲ್ಲಾ ತಿಳಿದು, ಅವಳ ಮುಂದೆ ನಿಂತು, ಮೊದಲು ನನ್ನ ಬಾಯಿಂದ ಬಂದ ಮಾತು ಇದು:

"ಮೋಟಾರ್ ಎಲ್ಲಿ?"

"ಬಾವೀಲಿ," ಅಂದಳು.

ಮೊರ ಪಕ್ಕಕ್ಕಿಟ್ಟಳು. ಆಮೇಲೆ ಮಾತಾಡಿದಳು. ಒಂಬತ್ತು ವರ್ಷದಲ್ಲಿ ಅಷ್ಟು ಮಾತು ಅವಳ ಬಾಯಲ್ಲಿ ಕೇಳಿರಲಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ.

"ಆ ಮೊದಲನೇ ಡಬ್ಬ ಯಾರಿಗೆ ತಂದ್ರಿ? ಹೇಳಿ. ಮರ್ತೋಯ್ತಾ? ನಿಮಗೆ ಹೆಣ್ಣು ಮಗು ಹುಟ್ಟೈತೆ ಅಂತ ತಂತಿ ಬಂತು. ಬೆಂಗ್ಳೂರಿಂದ ಆ ಡಬ್ಬಾನ ಕಂಕುಳಲ್ಲಿಟ್ಕೊಂಡು ಬಂದ್ರಿ. ನೀವು ಬರೋ ಹೊತ್ಗೆ ಮಗು ಮಣ್ಣಾಗಿತ್ತು. ನೀವು ಡಬ್ಬ ಮೂಲೇಲಿಟ್ರಿ, ಒಂದ್ಮಾತು ಆಡ್ಲಿಲ್ಲ. ಹತ್ತು ದಿನ ಆಡ್ಲಿಲ್ಲ. ಹನ್ನೊಂದ್ನೇ ದಿನ ಡಬ್ಬ ಬಿಚ್ಚುದ್ರಿ. ನಾನು ಒಳಗೆ ಎದೆಹಾಲು ಹಿಂಡಿ ಹಿಂಡಿ ಚೆಲ್ತಾ ಇದ್ದೆ, ನೀವು ಪಡಸಾಲೇಲಿ ತಿರುಪು ಸುತ್ತುತಾ ಇದ್ರಿ. ಹೋಗ್ಲಿ, ಗಂಡಸರ ದುಃಖ ಹಿಂಗೇ ಇರ್ಬೇಕು ಅಂತ ಸುಮ್ನಿದ್ದೆ. ಇವತ್ತು ಬುಡ್ತಾರೆ, ನಾಳೆ ಬುಡ್ತಾರೆ ಅಂತ. ಆ ಮೋಟಾರ್ ಬಂದ್ಮೇಲೆ ಈ ಮನೇಲಿ ಅದೊಂದೇ ಮಾತು. ಗರ್ರ್... ಗರ್ರ್... ಅತ್ತೆ ನಿಮ್ಮನ್ನ ಎರಡ್ನೇ ಮದ್ವೆ ಕೇಳಿದ್ರು. ನಾನು ಬಾಗಿಲ ಹಿಂದ್ಗಡೆ ನಿಂತಿದ್ದೆ. ಉಸುರು ಹಿಡ್ಕೊಂಡು ನಿಂತಿದ್ದೆ. ನೀವು ಹೂಂ ಅಂದ್ರಿ. ಅಂದು, ಕೀ ಕೊಟ್ರಿ."

"ನನಗೆ ಕೇಳಿಸಲೇ ಇಲ್ಲ ಸರಸಿ. ದೇವರಾಣೆ."

"ಅದೇ ನಾನೂ ಹೇಳೋದು," ಅಂದಳು. ಮತ್ತೆ ಮೊರ ತೆಗೆದುಕೊಂಡಳು.

ಮೇ 3, ಮಂಗಳವಾರ

ಅಂಕಯ್ಯ ಗಾಡಿ ತಂದ. ಅವಳೇ ಬರೆದು ಕರೆಸಿಕೊಂಡಿದ್ದಾಳೆ. ಬೇಡ ಅನ್ನಬೇಕಿತ್ತು. "ಯಾರನ್ನ ಕೇಳಿ ಹೋಗ್ತೀಯ?" ಅಂತ ಗದರಿದೆ. ಇವತ್ತಿಗೂ ಅದೇ ಬಾಯಿ.

ತಿರುಗಿ ನೋಡದೆ ಗಾಡಿ ಹತ್ತಿದಳು.

ಮೇ 9, ಸೋಮವಾರ

ಶುಕೂರ್ ಭಾಯ್ ಪಾತಾಳ ಗರಡಿ ತಂದ. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆ ಗೊಂಚಲು. ಹೇಳಿ ಕಳಿಸಿದ್ದು ನಾನೇ. ಎಂಟನೇ ಸಲಕ್ಕೆ ಮೋಟಾರ್ ಸಿಕ್ಕಿಕೊಂಡು ಬಂತು. ಕೆಸರು, ಪಾಚಿ. ಸ್ಪ್ರಿಂಗು ಬಿಗಿದು ಕಚ್ಚಿಕೊಂಡಿದೆ. ಬಿಚ್ಚಿ ಎಣ್ಣೆ ಹಾಕಿಕೊಡು, ಅಂದೆ.

"ಇವತ್ತು ಆಗಲ್ಲ ಸಾಬ್."

"ನಾಳೆ?"

"ನಾಳೇನೂ ಆಗಲ್ಲ. ನಮ್ಮ ಅಮ್ಮಾ ನಿಮ್ಮನ್ನ ಕರೀತಾರೆ, ಬನ್ನಿ."

ಅವನ ತಾಯಿ ಗುಲ್ಜಾರ್ ಬೀ. ಆವತ್ತು ಹೆರಿಗೆ ಮಾಡಿಸಿದವಳು. ಈಗ ಕಣ್ಣು ಮಂಜು. ಚಾಪೆ ಹಾಕಿಸಿದಳು, ಕೂಡಿಸಿದಳು, ಕೂತ ಮೇಲೆ ಉಗಿದಳು.

"ಬೇಟಾ, ನೀನು ಮಗು ನೋಡಿಲ್ಲ. ನಾನು ನೋಡಿದ್ದೀನಿ, ಈ ಕೈಯಲ್ಲೇ ಹಿಡ್ದಿದ್ದೀನಿ. ತಲೆ ತುಂಬಾ ಕೂದಲು. ಮೂಗು ನಿಂದೇ. ಎರಡು ದಿನ ಇತ್ತು, ಎರಡು ದಿನಾನೂ ಸರಸಮ್ಮ ಮಡಿಲಿಂದ ಇಳಿಸಿಲ್ಲ. ಒಂಬತ್ತು ವರ್ಷ ಆಯ್ತು, ನಮ್ಮನೆಗೆ ಬರ್ತೀಯ, ಚಕ್ರ ಮಾಡಿಸ್ಕೊಂಡು ಹೋಗ್ತೀಯ. ಒಂದು ದಿನ ಕೇಳಿದ್ಯೇನೋ ನನ್ನ — ಅಮ್ಮಾ, ನನ್ನ ಮಗು ಹೇಗಿತ್ತು ಅಂತ?"

ಎಲ್ಲರಿಗೂ ಈಗ ನನ್ನನ್ನು ಬೈಯುವ ಅಧಿಕಾರ ಬಂದಿದೆ. ಅವರ ಮನೆಯಿಂದ ನಮ್ಮ ಮನೆಗೆ ನೂರು ಹೆಜ್ಜೆ. ಹೇಗೆ ಬಂದೆನೋ ತಿಳಿಯದು.

ತಲೆ ತುಂಬಾ ಕೂದಲಂತೆ.

ಮೇ 12, ಗುರುವಾರ

ತಿಪ್ಪಸಂದ್ರಕ್ಕೆ ಹೋಗಿ ಬಂದೆ. ರಜೆ ಕೇಳಿದೆ, ಕೊಡಲಿಲ್ಲ, ಹೋದೆ.

ಕೆಂಪಯ್ಯ ಒಳ್ಳೆಯ ಕುಳ. ತೊಟ್ಟಿಮನೆಯ ಒಳಜಗಲಿಯಲ್ಲಿ ಮಣೆ ಹಾಕಿಸಿ, ಮಜ್ಜಿಗೆ ಕೊಡಿಸಿ, ಭಾವಿ ಅಳಿಯನ ಉಪಚಾರ. ಮಜ್ಜಿಗೆ ಕುಡಿಯದೆ ಕೆಳಗಿಟ್ಟು ಹೇಳಿದೆ. ಈ ಮದುವೆ ನನಗೆ ಬೇಡ. ನನ್ನ ಹೆಂಡತಿ ಇದ್ದಾಳೆ. ನಮ್ಮವ್ವ ಮಾತು ಕೊಟ್ಟಿದ್ದು ನನ್ನ ತಪ್ಪಿನಿಂದ, ಕ್ಷಮಿಸಬೇಕು.

ಕೆಂಪಯ್ಯ ಕೆಂಪಗಾದ. "ಏನ್ಸಾಮಿ, ನಿಮ್ಗೆ ಹೆಣ್ಣಂದ್ರೆ ಸಂತೆ ಕುರಿನಾ? ಬೇಕು ಅಂದಾಗ ಬೇಕು, ಬ್ಯಾಡ ಅಂದಾಗ ಬ್ಯಾಡ? ನೆಂಟ್ರಿಗೆಲ್ಲಾ ಹೇಳ್ಕಂಬುಟ್ಟಿವ್ನಿ! ನಾಳೆ ಈ ಮಗೀನ ಯಾರ್ ಕೇಳ್ತಾರೆ?"

ಅವನು ಹೇಳಿದ್ದು ನ್ಯಾಯ. ನ್ಯಾಯವಾದ ಬೈಗುಳ ತಿನ್ನುವುದು ಬಹಳ ಕಷ್ಟ. ತಲೆ ತಗ್ಗಿಸಿ ನಿಂತಿದ್ದೆ. ಆಗ ಬಾಗಿಲ ಹಿಂದಿನಿಂದ ಒಂದು ಹುಡುಗಿಯ ದನಿ, ಮೆತ್ತಗೆ, ಆದರೆ ಸ್ಪಷ್ಟವಾಗಿ —

"ಸದ್ಯ, ಬದುಕ್ದೆ."

ಅದರ ಹಿಂದೆಯೇ ಅವಳವ್ವ ಶಿವಲಿಂಗಮ್ಮ ಕೊಟ್ಟ ಏಟಿನ ಸದ್ದು. ಕೆಂಪಯ್ಯ ಬಾಗಿಲ ಕಡೆ ತಿರುಗಿದ. ನಾನು ಹೊರಗೆ ಬಂದು ಸೈಕಲ್ ಹತ್ತಿದೆ.

ದಾರಿಯಲ್ಲಿ ಎರಡು ಮೈಲಿ ತನಕ ಆ ಹುಡುಗಿಯ ಮೇಲೆ ಸಿಟ್ಟು. ಬೇಡ ಅನ್ನಲು ಹೋದವನು ನಾನೇ, ಅವಳು ಬದುಕಿದೆ ಅಂದರೆ ನನಗೇಕೆ ಉರಿ? ಅವಳನ್ನೂ ಯಾರೂ ಕೇಳಿರಲಿಲ್ಲ ಅಂತ ಮೂರನೇ ಮೈಲಿಯಲ್ಲಿ ಹೊಳೆಯಿತು.

ಮೇ 14, ಶನಿವಾರ

ಅವ್ವನಿಗೆ ಹೇಳಿದೆ. ಎರಡು ದಿನ ಉಣ್ಣಲಿಲ್ಲ. ಇವತ್ತು ಗಂಟು ಕಟ್ಟಿದಳು. "ಕೆಂಚಮ್ಮನ ಮನೇಲಿ ಬಿದ್ದಿರ್ತೀನಿ. ನಾನೇನು ನಂಗೋಸ್ಕರ ಮಾಡುದ್ನಾ? ನಾನು ಸತ್ತ ಮೇಲೆ ನಿಂಗೆ ಯಾರ್ಲಾ ಒಂದು ಲೋಟ ನೀರು ಕೊಡೋರು?"

"ಸರಸಿ ಕೊಡ್ತಾಳೆ," ಅಂದೆ.

"ಎಲ್ಲವಳೆ?"

ಬಸ್ಸಿಗೆ ಹತ್ತಿಸಿ ಬಂದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ ನನ್ನ ಕೋಟಿನ ಗುಂಡಿ ಹಾಕಿದಳು. ಅವಳ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಬಿಡುವುದಿಲ್ಲ ಈ ಮುದುಕಿ.

ಮೇ 17, ಮಂಗಳವಾರ

ಹಾರೋಹಳ್ಳಿಗೆ ಕಾಗದ ಬರೆದಿದ್ದೆ, ನಾಲ್ಕು ಪುಟ. ಅಂಕಯ್ಯನಿಂದ ಒಂದು ಕಾರ್ಡು. "ಭಾವನವರಿಗೆ ನಮಸ್ಕಾರ. ಕಾಗದ ತಲುಪಿತು. ಅಕ್ಕ ಓದಲಿಲ್ಲ. ಒಲೆಗೂ ಹಾಕಲಿಲ್ಲ."

ಮೇ 20, ಶುಕ್ರವಾರ. ಹಾರೋಹಳ್ಳಿ

ಅಂಕಯ್ಯನ ಮನೆಯ ಜಗಲಿ. ಅವನ ಹತ್ತಿರ ಪೆನ್ಸಿಲ್ ಕೇಳಿ ಇಸಿದುಕೊಂಡು ಬರೆಯುತ್ತಿದ್ದೇನೆ.

ಹತ್ತು ಗಂಟೆಗೆ ಬಂದೆ. ಅವಳು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಬಂದಿರಾ ಅನ್ನಲಿಲ್ಲ. ತಿಪ್ಪಸಂದ್ರದ್ದು ಮುರಿದು ಬಂದೆ, ಅಂದೆ. "ಗೊತ್ತು." ಅವ್ವ ಕಲ್ಯಕ್ಕೆ ಹೋದಳು. "ಅದೂ ಗೊತ್ತು." ನಡಿ ಮನೆಗೆ ಹೋಗೋಣ. ಸೊಪ್ಪು ಹೆಚ್ಚುತ್ತಲೇ ಇದ್ದಳು.

ನನಗೆ ಸಿಟ್ಟು ಬಂತು. ಇನ್ನೇನು ಮಾಡಬೇಕು ನಾನು? ಊರೂರು ತಿರುಗಿ ಎಲ್ಲರ ಹತ್ತಿರ ಬೈಸಿಕೊಂಡೆ! ಜೋರಾಗಿಯೇ ಅಂದೆ. ಅವಳು ಕುಡುಗೋಲು ಕೆಳಗಿಟ್ಟಳು.

"ಮಗೀಗೆ ಹೆಸ್ರು ಇಡ್ಲಿಲ್ಲ ನಾವು."

ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದೆ.

"ಮಣ್ಣು ಮಾಡುವಾಗ ಕೇಳುದ್ರು. ಹೆಸ್ರಿಲ್ಲ ಅಂದೆ. ಅವ್ರಪ್ಪ ಬರ್ಲಿ ಅಂತ ಕಾಯ್ತಿದ್ದೆ. ನೀವು ಒಂದು ಹೆಸ್ರು ಹೇಳಿ. ಆಮೇಲೆ ನೋಡಾನ."

ಹೆಸರು ಇತ್ತು. ಬೆಂಗಳೂರಿಂದ ಬರುವಾಗ ರೈಲಿನಲ್ಲೇ ಇಟ್ಟಿದ್ದೆ. ಡಬ್ಬ ತೊಡೆಯ ಮೇಲಿತ್ತು, ಕಿಟಕಿಯಲ್ಲಿ ರಾಮದೇವರ ಬೆಟ್ಟ ಹೋಯಿತು, ಎದುರಿಗೆ ಕೂತ ಯಾರೋ ಮುದುಕನಿಗೆ ಮಗಳು ಹುಟ್ಟಿದ್ದಾಳೆ, ಇಂಥ ಹೆಸರು, ಅಂತ ಹೇಳಿಯೂ ಬಿಟ್ಟಿದ್ದೆ. ಆಮೇಲೆ ಯಾರಿಗೂ ಹೇಳಲಿಲ್ಲ. ಈ ಪುಸ್ತಕದಲ್ಲೂ ಬರೆದಿಲ್ಲ. ಒಂಬತ್ತು ವರ್ಷ ಬಾಯಿಗೆ ಬಂದಾಗಲೆಲ್ಲ ನುಂಗಿದ್ದೇನೆ.

"ಕಾವೇರಿ," ಅಂದೆ.

"ಕೇಳುಸ್ಲಿಲ್ಲ."

"ಕಾವೇರಿ."

"ಜೋರಾಗಿ ಹೇಳಿ. ನಮ್ಮ ಮೇಲೆ ಕೂಗ್ತೀರಲ್ಲ, ಹಂಗೆ. ತಿರುಪು ಕಳೆದ್ರೆ ಮನೆ ಹಾರೋ ಹಂಗೆ ಕೂಗ್ತೀರಲ್ಲ, ಹಂಗೆ ಕೂಗಿ!"

ಕೂಗಿದೆ. ಇದ್ದ ಸಿಟ್ಟೆಲ್ಲ ಸೇರಿಸಿ ಕೂಗಿದೆ. ಕೊಟ್ಟಿಗೆಯಲ್ಲಿ ದನ ತಲೆಯೆತ್ತಿದವು. ಅಂಕಯ್ಯ ಏನೋ ಆಯಿತು ಅಂತ ಹಿತ್ತಲಿಂದ ಓಡಿ ಬಂದು, ನಮ್ಮನ್ನು ನೋಡಿ, ಬಾಗಿಲಲ್ಲೇ ನಿಂತ. ಗಂಟಲು ಹರಿದು ದನಿ ಹೊರಡದಂತಾಯಿತು. ಆಗ ಸರಸಮ್ಮ ಸೊಪ್ಪಿನ ರಾಶಿಯಿಂದ ಎದ್ದಳು. ನನ್ನ ಹತ್ತಿರ ಬರಲಿಲ್ಲ. ಅಂಗಳದ ನಡುವೆ ಹೋಗಿ ನಿಂತು, ಸಂಜೆ ಆಡಲು ಹೋದ ಮಗುವನ್ನು ಮನೆಗೆ ಕರೆಯುವ ಹಾಗೆ, ಅವಳೂ ಕೂಗಿದಳು: "ಕಾವೇರೀ!"